ಜುಂಜಯ್ಯನ ಕೆಳಗೆ ಜುಂಜಯ್ಯ

ಬೆಳಗಿನ ಐದೂಮುಕ್ಕಾಲು. ಭೀಮಸಮುದ್ರ ದಾಟಿ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ ಒಂದು ಹಟ್ಟಿ. ಅದರ ಹೆಸರು ಇಲ್ಲಿ ಬೇಡ, ಬರೆಯಬಾರದೆಂದು ಹಟ್ಟಿಯವರೇ ಹೇಳಿದ್ದಾರೆ. ಹಾಲಿನ ಡೇರಿಯ ಕಿಟಕಿಯ ಮುಂದೆ ಹದಿನೈದಿಪ್ಪತ್ತು ಜನ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದಾರೆ. ಸಾಲಿನ ನಡುವೆ ತಲೆ ಮೇಲೆ ಸೆರಗು ಎಳೆದುಕೊಂಡು ನಿಂತಿರುವ ಹೆಂಗಸಿನ ಕ್ಯಾನಿನಲ್ಲಿ ಮಾತ್ರ ಒಂದು ತೊಟ್ಟೂ ಹಾಲಿಲ್ಲ. ಇವರು ಹಿರಿಯೂರಿನ ಶಾಂತಿ, ವಯಸ್ಸು ನಲವತ್ತೆರಡು. ಕಿಟಕಿಯ ಆಚೆ ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಮನ್ನು ಬರೆದವರು ಇವರೇ. ಸಾಲಿನಲ್ಲಿರುವವರಿಗೆಲ್ಲ ಅದು ಗೊತ್ತು. ಒಳಗೆ ಕುಳಿತಿರುವ ಸೆಕ್ರೆಟ್ರಿ ದಾಸಣ್ಣನಿಗೆ ಮಾತ್ರ ಇವರು ಬಂದಿರುವುದು ಗೊತ್ತಾಗಬಾರದು. ಶಾಂತಿ ಇವತ್ತು ದಾಸಣ್ಣನನ್ನು ಕೈಯಾರೆ ಹಿಡಿಯಲೆಂದೇ ಮೊದಲ ಬಸ್ಸಿಗಿಂತ ಮುಂಚೆ ಸ್ಕೂಟರಿನಲ್ಲಿ ಬಂದಿದ್ದಾರೆ.

ಅವರ ಮುಂದೆ ನಿಂತಿರುವವಳು ಪಾಲಮ್ಮ. ಐವತ್ತೈದು ದಾಟಿದ ಹೆಂಗಸು, ಗಂಡ ಮಾರಿಕಣಿವೆ ಹಿನ್ನೀರಿನ ಕಡೆ ಕುರಿ ಹೊಡೆದುಕೊಂಡು ಹೋಗಿ ತಿಂಗಳಾಗಿದೆ. ಈಕೆ ಹಾಲಿಗೆ ನೀರು ಬೆರೆಸುತ್ತಾಳೆ ಎಂಬುದು ಡೇರಿಯ ಆರೋಪ. ಹಾಲು ಪರೀಕ್ಷಿಸುವ ಯಂತ್ರ ಫ್ಯಾಟು ಎಷ್ಟೆಂದು ಅಳೆದು ಕಂಪ್ಯೂಟರಿಗೆ ಕಳಿಸುತ್ತದೆ. ಹನ್ನೊಂದು ದಿನ ಈಕೆಯ ಮನೆಯ ಹಾಳೆಯಲ್ಲಿ ಫ್ಯಾಟು ಮೂರು ದಾಟಲಿಲ್ಲ, ಪ್ರೋಗ್ರಾಮು ತಾನಾಗಿಯೇ ಕೆಂಪು ಗುರುತು ಹಾಕಿತು. ಭಾನುವಾರ ಹಟ್ಟಿಯ ಸಭೆ. ಅಲ್ಲಿ ಪಾಲಮ್ಮ ಹಟ್ಟಿಯ ದೇವರು ಜುಂಜಪ್ಪನ ಮುಂದೆ ಆಣೆ ಮಾಡಬೇಕು, ಇಲ್ಲವಾದರೆ ಡೇರಿಯಿಂದ ಆ ಮನೆಯ ಹೆಸರು ತೆಗೆಯುತ್ತಾರೆ. ನೀರು ಬೆರೆಸಿದವಳೆಂಬ ಮಾತು ಒಮ್ಮೆ ಅಂಟಿಕೊಂಡರೆ ಮುಂದೆ ಆ ಮನೆಯ ಮಜ್ಜಿಗೆಯನ್ನೂ ಯಾರೂ ಮುಟ್ಟುವುದಿಲ್ಲ. ಇವತ್ತು ಶನಿವಾರ.

"ಆಣೆ ಮಾಡಾಕೆ ನಂಗೇನ್ ಭಯ ಇಲ್ಲ ಕಣವ್ವ" ಎನ್ನುತ್ತಾಳೆ ಪಾಲಮ್ಮ, ತಿರುಗಿ ನೋಡದೆ. "ಆಣೆ ಮಾಡ್ದೋಳು ಅಂತ ಅನ್ನಿಸ್ಕಂಡು ಬಾಳ್ಬೇಕಲ್ಲ, ಅದುಕ್ಕೆ ಭಯ."

ಶಾಂತಿಗೆ ಈ ಮಾತು ಚುಚ್ಚುತ್ತದೆ. ಏಕೆಂದರೆ ಕೆಂಪು ಗುರುತು ಬಂದ ದಿನ ದಾಸಣ್ಣ ಫೋನ್ ಮಾಡಿ ವಿಚಾರಿಸಿದಾಗ, ರೊಟ್ಟಿ ತಟ್ಟುತ್ತಿದ್ದ ಶಾಂತಿ "ಕಂಪ್ಯೂಟ್ರು ಸುಳ್ಳು ಹೇಳಲ್ಲ ದಾಸಣ್ಣ" ಎಂದುಬಿಟ್ಟಿದ್ದರು. ಅವನು ಆ ಮಾತನ್ನು ಹಟ್ಟಿಯ ತುಂಬಾ ಹಂಚಿದ. ಆಮೇಲೇ ಸಭೆ ಗೊತ್ತಾದದ್ದು.

ಶಾಂತಿಯ ತಂದೆ ಕೆಂಚಣ್ಣ ಬಬ್ಬೂರು ಫಾರಂನಲ್ಲಿ ದಿನಗೂಲಿ ಆಳು. ಪಿಯುಸಿ ಮುಗಿಸಿದ ಮಗಳು ಹಿರಿಯೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದಾಗ ಅಲ್ಲಿಗೆ ಎರಡು ಕಂಪ್ಯೂಟರು ಬಂದವು. ಮಾಲೀಕರು ಅವಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದರು, ಬಟ್ಟೆ ತೆಗೆದವರು ಶಾಂತಿ. ಕೆಟ್ಟುಹೋದ ಪ್ರೋಗ್ರಾಮನ್ನು ಬಿಚ್ಚಿ ನೋಡಿ, ಕಟ್ಟಿ ನೋಡಿ ಕಲಿತರು. ಹೇಳಿಕೊಟ್ಟವರು ಯಾರೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಇಂಟರ್‌ನೆಟ್ಟು ಬಂದರೂ ಹೋದರೂ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಓಡುವ ಪ್ರೋಗ್ರಾಮುಗಳನ್ನು ಬರೆಯುತ್ತಾರೆ, ಬರೆದದ್ದನ್ನು ರಿಪೇರಿ ಮಾಡುತ್ತಾರೆ. ನಾಲ್ಕು ತಾಲ್ಲೂಕಿನಲ್ಲಿ ಮೂವತ್ತೆಂಟು ಡೇರಿ, ಚಿತ್ರದುರ್ಗದಲ್ಲಿ ಎರಡು ಲಾರಿ ತೂಕದ ಕಟ್ಟೆ, ಹೊಸದುರ್ಗದಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬು ಇವರನ್ನೇ ನೆಚ್ಚಿಕೊಂಡಿವೆ. ಬೆಳಿಗ್ಗೆ ಏಳೂವರೆಯೊಳಗೆ ಹನ್ನೊಂದು ಫೋನು ಬರುವುದು ಮಾಮೂಲು. ದಿನಕ್ಕೆ ತೊಂಬತ್ತು ಕಿಲೋಮೀಟರ್ ಸ್ಕೂಟರ್ ಓಡುತ್ತದೆ.

ಹತ್ತು ದೂರಿನಲ್ಲಿ ನಾಲ್ಕು ಪ್ರಿಂಟರಿನವು, ಅವಕ್ಕೆ ಫೋನಿನಲ್ಲೇ ಪರಿಹಾರ. ಎರಡು, ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತಿವೆ ಎಂಬ ದೂರು. ಇನ್ನು ತಾರೀಕಿನ ಗೋಳು. ಲ್ಯಾಬಿನ ಕಂಪ್ಯೂಟರೊಂದು ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿಕೊಂಡು, ಏಪ್ರಿಲ್ ಮೂರಕ್ಕೆ ಹುಟ್ಟಿದ ಮಗುವನ್ನು ಮಾರ್ಚ್ ನಾಲ್ಕಕ್ಕೆ ಹುಟ್ಟಿಸಿಬಿಟ್ಟಿತ್ತು. ಮತ್ತೊಂದು, ಇದ್ದಕ್ಕಿದ್ದಂತೆ ಪ್ರೋಗ್ರಾಮು ಕಲ್ಲಾಗಿ ನಿಲ್ಲುವುದು. ಅದನ್ನು ಶಾಂತಿ ಹೀಗೆ ವಿವರಿಸುತ್ತಾರೆ: "ಅಡಿಗೆ ಮಾಡೋಳೂ ಅವ್ಳೇ, ಬಾಗ್ಲು ತೆಗೆಯೋಳೂ ಅವ್ಳೇ ಅಂತಿಟ್ಕಳ್ರಿ. ಒಲೆ ಮುಂದೆ ಕುಂತಾಗ ಬಾಗ್ಲು ಬಡುದ್ರೆ ಯಾರ್ ತೆಗೀತಾರೆ? ಒಳಗಿನ ಕೆಲ್ಸಕ್ಕೆ ಬ್ಯಾರೆ ಆಳು ಇಡ್ಬೇಕು. ಪ್ರೋಗ್ರಾಮಿನಾಗೂ ಅಷ್ಟೇ."

ಇವರ ಕಸುಬಿಗೆ ಬೇಕಾದ ಮುಖ್ಯ ಗುಣ ಅನುಮಾನ. ಯಂತ್ರ, ತಂತಿ, ಕರೆಂಟು, ಕೊನೆಗೆ ಕಂಪ್ಯೂಟರಿನ ಮುಂದೆ ಕುಳಿತ ಮನುಷ್ಯ, ಯಾರನ್ನೂ ನಂಬದೆ ಒಂದೊಂದಾಗಿ ತಡಕಬೇಕು. ಪಾಲಮ್ಮನ ವಿಷಯದಲ್ಲಿ ಅನುಮಾನಕ್ಕೆ ಬರವೇ ಇರಲಿಲ್ಲ. ಪಾಲಮ್ಮ ತನಗೆ ಡೇರಿಯಲ್ಲಿ ಕೊಟ್ಟ ಚೀಟಿಗಳನ್ನೆಲ್ಲ ಸೀರೆಯ ಮಡಿಲಿಂದ ತೆಗೆದು ತೋರಿಸಿದ್ದಳು. ಎಲ್ಲದರಲ್ಲೂ 'ಜುಂಜಯ್ಯ' ಎಂದು ಗಂಡನ ಹೆಸರು, ಫ್ಯಾಟು ನಾಲ್ಕೂವರೆ. ಆದರೆ ಮೂಲೆಯಲ್ಲಿ ಸಣ್ಣಗೆ ಅಚ್ಚಾಗಿದ್ದ ನಂಬರು ಎಪ್ಪತ್ತೊಂದು. ಪಾಲಮ್ಮನ ಮನೆಯ ನಂಬರು ನಲವತ್ತಮೂರು. ಹಟ್ಟಿಯಲ್ಲಿ ಮೂವರು ಜುಂಜಯ್ಯಂದಿರು: ಹತ್ತೊಂಬತ್ತು, ನಲವತ್ತಮೂರು, ಎಪ್ಪತ್ತೊಂದು. ಈ ಎಪ್ಪತ್ತೊಂದನೇ ಜುಂಜಯ್ಯ ಬೇರೆ ಯಾರೂ ಅಲ್ಲ, ದಾಸಣ್ಣನ ಹೆಂಡತಿಯ ತಮ್ಮ. ಅವನ ಹಾಳೆಯಲ್ಲಿ ದಿನಾ ಬೆಳಿಗ್ಗೆ ಎರಡು ಸಲ ಹಾಲು ಬಂದಂತೆ ದಾಖಲಾಗಿದೆ.

"ಬಿದ್ದಿದ್ ಚೀಟಿ ಆಯ್ಕಂಡು ಬಂದವ್ಳೆ ಮೇಡಂ" ಎಂದ ದಾಸಣ್ಣ, ಶಾಂತಿ ಚೀಟಿಯ ವಿಷಯ ಕೇಳಿದಾಗ. "ನಮ್ ಬಾಮೈದುಂಗೆ ಮೂರು ಹಸ ಅವೆ, ಎರಡು ಕ್ಯಾನ್ ತರ್ತಾನೆ. ಅದ್ರಾಗೆ ಏನೈತೆ?"

ಏನೈತೆ ಎಂದರೆ, ಪಾಲಮ್ಮನ ಒಳ್ಳೆಯ ಹಾಲನ್ನು ಬಾಮೈದನ ಹೆಸರಿಗೆ ಹಾಕಿ, ಯಾರದೋ ತೆಳು ಹಾಲನ್ನು ಈಕೆಯ ತಲೆಗೆ ಕಟ್ಟುತ್ತಿದ್ದಾನೆ ಎಂದೇ ಶಾಂತಿಗೆ ಅನ್ನಿಸಿತು. ಪಾಲಮ್ಮನಿಗೆ ದಾಸಣ್ಣನ ಮೇಲೆ ಅನುಮಾನ, ದಾಸಣ್ಣನಿಗೆ ಪಾಲಮ್ಮನ ಮೇಲೆ ಅನುಮಾನ, ಹಟ್ಟಿಯ ಉಳಿದವರಿಗೆ ಪಟ್ಟಣದಿಂದ ಬಂದ ಈ ಕಂಪ್ಯೂಟರಿನವಳ ಮೇಲೆ ಅನುಮಾನ. ಶಾಂತಿ ಮೂರು ದಿನ ದಾಸಣ್ಣನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತರು. ಅವನು ಪುಸ್ತಕ ತೆರೆದು ಪ್ರತಿಯೊಬ್ಬರ ನಂಬರು ನೋಡಿ ನೋಡಿ ಒತ್ತಿದ. ಮೂರು ದಿನವೂ ಪಾಲಮ್ಮನ ಹಾಳೆಯಲ್ಲಿ ನಾಲ್ಕೂವರೆಯೇ ಬಂತು.

"ನೋಡುದ್ರಾ, ಮೇಡಂ ಬಂದವ್ರೆ ಅಂತ ನೀರು ಹಾಕೋದು ಬಿಟ್ಟವ್ಳೆ" ಎಂದು ದಾಸಣ್ಣ ಗೆದ್ದವನಂತೆ ನಕ್ಕ. ಶಾಂತಿಗೆ ರಾತ್ರಿ ಊಟ ಸೇರಲಿಲ್ಲ. ಮೂರು ದಿನ ಪರದೆಯನ್ನೇ ನೋಡಿದೆನಲ್ಲ, ನಾನಿಲ್ಲದಾಗ ಇವನು ಕೆಲಸ ಮಾಡುವ ರೀತಿಯೇ ಬೇರೆ ಇರಬೇಕು ಎಂದುಕೊಂಡರು. ಇವತ್ತಿನ ಖಾಲಿ ಕ್ಯಾನು ಅದಕ್ಕಾಗಿ.

ಪಾಲಮ್ಮನ ಸರದಿ ಬರುತ್ತದೆ. ಮುಂದಿನವರು "ಎಂಬತ್ತೆರಡು" ಎಂದು ಕೂಗಿ ಹೋದರು. ಪಾಲಮ್ಮ ಕ್ಯಾನು ಇಟ್ಟು ಸುಮ್ಮನೆ ನಿಲ್ಲುತ್ತಾಳೆ.

"ಯಾರ್ದು?"

"ನಮ್ಮನೇರ್ದು."

ಇಷ್ಟೇ ಮಾತು. ನಂಬರು ಪಾಲಮ್ಮನಿಗೆ ಬಾಯಿಪಾಠವಿಲ್ಲ, ಅದರ ಕಾರ್ಡು ಹಿನ್ನೀರಿನ ಕಡೆ ಗಂಡನ ಅಂಗಿಯ ಜೇಬಿನಲ್ಲಿದೆ. ಗಂಡನ ಹೆಸರನ್ನಂತೂ ಈ ಹಟ್ಟಿಯ ಹಳೆಯ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಅದರಲ್ಲೂ ಅದು ದೇವರ ಹೆಸರೂ ಹೌದು. ದಾಸಣ್ಣ ಮುಖ ನೋಡಿ ಗುರುತು ಹಿಡಿದು, ಹೆಸರಿನ ಪಟ್ಟಿ ಬಿಚ್ಚಿ, ಮೌಸಿನಿಂದ ಎರಡನೇ ಜುಂಜಯ್ಯನನ್ನು ಒತ್ತುತ್ತಾನೆ. ಸರಿಯಾಗಿಯೇ ಒತ್ತಿದ. ಕಳ್ಳತನ ಕಾಣಲಿಲ್ಲವೆಂದು ಶಾಂತಿಗೆ ಒಂದು ಕ್ಷಣ ನಿರಾಸೆಯೇ ಆಗುತ್ತದೆ. ಆಮೇಲೆ ಅವನ ತೋರುಬೆರಳು ಮೌಸಿನ ಚಕ್ರವನ್ನು ತನ್ನ ಕಡೆಗೆ ಒಂದು ಹಲ್ಲು ತಿರುಗಿಸುತ್ತದೆ.

ಶಾಂತಿ ಕ್ಯಾನನ್ನು ಅಲ್ಲೇ ಬಿಟ್ಟು ಒಳಗೆ ನುಗ್ಗುತ್ತಾರೆ. "ದಾಸಣ್ಣ, ಕೈ ಎತ್ತಬ್ಯಾಡ್ರಿ. ಚಕ್ರ ಯಾಕೆ ತಿರುಗ್ಸಿದ್ರಿ?"

ದಾಸಣ್ಣ ಬೆಚ್ಚಿಬೀಳುತ್ತಾನೆ. "ಕೆಳಗಿನ ಬಟನ್ ಕಾಣಲ್ವಲ್ಲ ಮೇಡಂ. ದೊಡ್ ಮಾನಿಟ್ರು ಸಿಡ್ಲಿಗೆ ಸುಟ್ಟೋಯ್ತು. ಇದು ಹಳೇದು, ಚಿಕ್ಕದು. 'ಉಳಿಸಿ' ಅನ್ನೋದು ಕೆಳಗೆ ಹೋಗೈತೆ."

ಸಿಡಿಲು ಬಡಿದು ಎರಡು ವಾರ. ಪಟ್ಟಿಯಿಂದ ಹೆಸರು ಆರಿಸಿದ ಮೇಲೂ ಮೌಸಿನ ಹಿಡಿತ ಪಟ್ಟಿಯ ಮೇಲೇ ಉಳಿದಿರುತ್ತದೆ. ಚಕ್ರ ತಿರುಗಿಸಿದರೆ ಪುಟದ ಜೊತೆಗೆ ಹೆಸರೂ ಕೆಳಕ್ಕೆ ಜಾರುತ್ತದೆ. ಬೇರೆ ಊರಿನಲ್ಲಾಗಿದ್ದರೆ ರಂಗಪ್ಪನ ಜಾಗದಲ್ಲಿ ರಾಮಪ್ಪ ಕಂಡು ಯಾರಾದರೂ ಕೂಗುತ್ತಿದ್ದರು. ಇಲ್ಲಿ ಜುಂಜಯ್ಯ ಜಾರಿದರೆ ಅವನ ಕೆಳಗೂ ಜುಂಜಯ್ಯ. ನಂಬರು ಹೇಳುವವರಿಗೆ ಪಟ್ಟಿಯ ಗೊಡವೆಯೇ ಇಲ್ಲ, ಹಾಗಾಗಿ ಅವರದೆಲ್ಲ ಸರಿಯಾಗಿತ್ತು, ದಾಸಣ್ಣ ಪುಸ್ತಕ ನೋಡಿ ನಂಬರು ಒತ್ತಿದ ಆ ಮೂರು ದಿನ ಪಾಲಮ್ಮನದೂ. ಯಾರೂ ತೆಗೆದು ನೋಡದ ಹತ್ತೊಂಬತ್ತನೇ ಮನೆಯ ಹಾಳೆಯನ್ನು ಶಾಂತಿ ತೆರೆದರು. ಹನ್ನೊಂದು ದಿನವೂ ಖಾಲಿ. ಆ ಮನೆಯಾಕೆಯೂ ಗಂಡನ ಹೆಸರು ಹೇಳುವವಳಲ್ಲ, ಅವಳ ಹಾಲು ಪಾಲಮ್ಮನ ಹಾಳೆಗೆ, ಪಾಲಮ್ಮನದು ಎಪ್ಪತ್ತೊಂದರ ಹಾಳೆಗೆ ಜಾರಿತ್ತು.

"ಇದು ಪ್ರೋಗ್ರಾಮ್ ಬರೆಯೋರೆಲ್ಲರ್ಗೂ ಗೊತ್ತಿರೋ ತಪ್ಪು" ಎನ್ನುತ್ತಾರೆ ಶಾಂತಿ. "ಚಕ್ರಕ್ಕೆ ಬಗ್ಗಬ್ಯಾಡ ಅಂತ ಪಟ್ಟಿಗೆ ಹೇಳಾಕೆ ನಾಕೈದು ಸಾಲು ಬರುದ್ರೆ ಸಾಕು. ನಾನು ಬರೀಲಿಲ್ಲ. ನನ್ ಮನೇಲಿರೋದು ದೊಡ್ ಪರದೆ. ಕಳ್ಳುನ್ನ ಹಿಡ್ಯಾಕೆ ಹೋದೆ, ಸಿಕ್ಕಿದ್ದು ನಾನೇ." ಹೇಳುವಾಗ ಅವರ ಮುಖ ಈಗಲೂ ಕೆಂಪಗಾಗುತ್ತದೆ.

ದಾಸಣ್ಣ ಬಾಗಿಲು ಮುಂದೆ ಮಾಡಿ ಒಂದು ಉಪಾಯ ಹೇಳಿದ. "ಮಾನಿಟ್ರು ಕೆಟ್ಟಿತ್ತು ಅಂದ್ಬಿಡಾಣ ಮೇಡಂ. ನಿಮ್ದೂ ಉಳೀತೈತೆ, ನಮ್ದೂ ಉಳೀತೈತೆ." ಮೂವತ್ತೆಂಟು ಡೇರಿಯ ಮಾತು ಅದು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋದರೆ ಕೆಲಸವೇ ಕೈತಪ್ಪಬಹುದು ಎಂದು ಶಾಂತಿಗೆ ಗೊತ್ತು. ಆದರೆ ಮಾನಿಟರ್ ಕೆಟ್ಟರೆ ಹಾಲು ಹೇಗೆ ತೆಳ್ಳಗಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಪಾಲಮ್ಮನ ಮೇಲಿನ ಮಾತು ಅರ್ಧ ಉಳಿದೇ ಉಳಿಯುತ್ತದೆ. ಅವರು ಒಪ್ಪಲಿಲ್ಲ.

ಭಾನುವಾರ ಕಂಪ್ಯೂಟರನ್ನೇ ಡೇರಿಯ ಜಗಲಿಗೆ ತಂದಿಟ್ಟರು. ತಪ್ಪು ತನ್ನದೆಂದು ಶಾಂತಿ ಮೊದಲ ಮಾತಿನಲ್ಲೇ ಹೇಳಿದರು. ಹಿರಿಯ ಓಬಯ್ಯನಿಗೆ ನಂಬಿಕೆ ಬರಲಿಲ್ಲ. ಮೌಸನ್ನು ತಾನೇ ಹಿಡಿದು ಚಕ್ರವನ್ನು ಏಳು ಸಲ ತಿರುಗಿಸಿದ. ಏಳು ಸಲವೂ ಜುಂಜಯ್ಯ ಜಾರಿದ. ಓಬಯ್ಯ ಮೌಸು ಕೆಳಗಿಟ್ಟು ಹೇಳಿದ, "ಹಂಗಾರೆ ನೀರು ಹಾಕಿದ್ದು ಹತ್ತೊಂಬತ್ತರ ಮನೆಯೋಳು ಅಂದಂಗಾತು."

ಎಲ್ಲರ ಕತ್ತೂ ಹತ್ತೊಂಬತ್ತರ ಮನೆಯಾಕೆಯ ಕಡೆ ತಿರುಗಿತು. ಯಂತ್ರದ ವಿಷಯ ಶಾಂತಿ ಹೇಳಬಲ್ಲರು, ಹಸುವಿನ ವಿಷಯ ತಿಳಿಯದು. ಎದ್ದು ನಿಂತವಳು ಪಾಲಮ್ಮ.

"ಆ ಹಸ ಎರಡು ತಿಂಗ್ಳಿಂದ ಬರೀ ಹಸಿ ಹುಲ್ಲು ತಿಂತೈತೆ. ಹಾಲು ತೆಳ್ಳಗಿರ್ದೆ ಇನ್ನೇನು? ದನ ಸಾಕಿದೋರು ನಿಮ್ಗೂ ಗೊತ್ತೈತೆ. ನನ್ನ ನಿಲ್ಸಿದ್ದು ಸಾಕು, ಇನ್ನೊಬ್ಳುನ್ನ ನಿಲ್ಸಬ್ಯಾಡ್ರಿ."

ಆಣೆಯ ಮಾತು ಅಲ್ಲಿಗೆ ನಿಂತಿತು. ಸುದ್ದಿ ಮಾತ್ರ ನಿಲ್ಲಲಿಲ್ಲ. ವಾರದೊಳಗೆ ಎಂಟು ಡೇರಿಯಿಂದ ಫೋನು ಬಂತು, ಎರಡು ಡೇರಿಯವರು ಬೇರೆಯವರನ್ನು ನೋಡಿಕೊಂಡರು. ಶಾಂತಿ ಉಳಿದ ಮೂವತ್ತಾರಕ್ಕೂ ತಾವೇ ಹೋಗಿ ಪ್ರೋಗ್ರಾಮು ಬದಲಿಸಿದರು. ಈಗ ಚಕ್ರಕ್ಕೆ ಹೆಸರು ಜಾರುವುದಿಲ್ಲ, ನಂಬರು ದಪ್ಪಗೆ ಕಾಣುತ್ತದೆ. ಚೀಟಿಯಲ್ಲಿ ಮನೆಯ ಹೆಸರಿನ ಮೇಲೆ 'ಹಾಲು ತಂದವರು' ಎಂದು ಹೊಸ ಸಾಲೊಂದು ಬಂದಿದೆ. ಅದರಲ್ಲಿ ತಂದವರ ಸ್ವಂತ ಹೆಸರನ್ನೇ ಹಾಕುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಶಾಂತಿ ಅನುಮಾನದಿಂದಲೇ ನೋಡುತ್ತಾರೆ. "ಚೀಟಿ ಇಸ್ಕಂಡೋರು ಅಲ್ಲೇ ಓದ್ಕಳ್ರಿ ಅಂತ ಬರೀರಿ. ನನ್ನ ಪ್ರೋಗ್ರಾಮು ಅಂತ ನಂಬ್ಕಂಡು ಹೋಗಬ್ಯಾಡ್ರಿ. ಅಷ್ಟು ಮಾಡುದ್ರೆ ಸಾಕು."

ಹಟ್ಟಿಯಲ್ಲಿ ಹೊಸ ಪ್ರೋಗ್ರಾಮು ಓಡಿದ ಮೊದಲ ಬೆಳಿಗ್ಗೆ ಅವರು ಕಿಟಕಿಯ ಪಕ್ಕದಲ್ಲೇ ನಿಂತಿದ್ದರು. ಪಾಲಮ್ಮ ಹಾಲು ಸುರಿದು ಚೀಟಿ ಇಸಿದುಕೊಂಡಳು. ಓದು ಬರದ ಆಕೆ ಅದನ್ನು ದಾಸಣ್ಣನ ಕೈಗೆ ಕೊಡದೆ ಶಾಂತಿಯ ಮುಂದೆ ಹಿಡಿದಳು.

"ಏನ್ ಬರ್ದೈತೆ ಓದವ್ವ."

"ಹಾಲು ತಂದವರು, ಪಾಲಮ್ಮ. ನಂಬರು ನಲವತ್ತಮೂರು. ಫ್ಯಾಟು ನಾಲ್ಕೂವರೆ."

ಪಾಲಮ್ಮ ಚೀಟಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಫ್ಯಾಟು ಬಿಡು, ಅದು ನಂಗೊತ್ತೈತೆ. ಹೆಸ್ರು ಇನ್ನೊಂದ್ಸಲ ಓದು."