ಬಿದ್ದದ್ದನ್ನು ಬರೆಸಿದ ಮೇಷ್ಟ್ರು

ಪ್ರಯಾಣಿಕರ ವಿಮಾನಗಳಲ್ಲಿ ಲೋಹದ ಜಾಗಕ್ಕೆ ಇಂಗಾಲದ ನಾರಿನ (ಕಾರ್ಬನ್ ಫೈಬರ್) ಹಲಗೆಗಳು ಒಂದೊಂದಾಗಿ ಬಂದು ಕೂತ ಕಾಲದಲ್ಲಿ, ಅವುಗಳ ಸುರಕ್ಷತೆಯನ್ನು ಕನ್ನಡದಲ್ಲಿ ಪಾಠ ಮಾಡಿದವರು ಹೆಚ್ಚು ಮಂದಿಯಿಲ್ಲ. ಇದ್ದ ಕೆಲವರಲ್ಲಿ ಬೆಳಗೋಡಿನ ಶ್ರೀ ಬಿ. ಎಸ್. ಶಾಂತಮಲ್ಲಪ್ಪನವರು ಒಬ್ಬರು. ಅವರು ಹೊಸ ವಸ್ತುವನ್ನೇನೂ ಕಂಡುಹಿಡಿಯಲಿಲ್ಲ, ಅವರ ಹೆಸರಿನಲ್ಲಿ ಯಾವ ಸೂತ್ರವೂ ಇಲ್ಲ. ಅಭಿನಂದನ ಗ್ರಂಥದಲ್ಲಿ ಹೀಗೆ ಬರೆಯಬಾರದು ಎಂದು ಸಂಪಾದಕರು ಹೇಳಬಹುದು. ಆದರೆ ಇಲ್ಲದ್ದನ್ನು ಬರೆದರೆ ಮೇಷ್ಟ್ರೇ ಕೆಂಪು ಪೆನ್ನು ಹಿಡಿದು ಹೊಡೆದುಹಾಕುತ್ತಾರೆ. ಅವರು ಮಾಡಿದ್ದು ಇಷ್ಟು: ಆಲೂರಿನ ನಮ್ಮ ಪಾಲಿಟೆಕ್ನಿಕ್‌ನ ವರ್ಕ್‌ಶಾಪಿನಲ್ಲಿ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ಗೋಡೆಗೆ ನೇತುಹಾಕಿದರು, ಮತ್ತು ಹದಿನೈದು ವರ್ಷ ಅದು ಖಾಲಿಯಾಗಿರದಂತೆ ನೋಡಿಕೊಂಡರು.

ಡಿಪ್ಲೊಮಾ ಮುಗಿಸಿದ ಮೇಲೆ ಮೇಷ್ಟ್ರು ಇಪ್ಪತ್ತು ವರ್ಷ ಬೆಂಗಳೂರಿನ ವಿಮಾನ ದುರಸ್ತಿ ಷೆಡ್ಡೊಂದರಲ್ಲಿ ತಪಾಸಣೆಯ ಕೆಲಸ ಮಾಡಿದರು. ಅಲ್ಲಿದ್ದ ಕೊನೆಯ ವರ್ಷ, ೧೯೯೧ರಲ್ಲಿ, ಅವರ ಕೈಯಿಂದ ಟಾರ್ಚು ಜಾರಿ ವಿಮಾನದ ಬಾಲದ ಹಲಗೆಯ ಮೇಲೆ ಬಿತ್ತು. ಯಾರೂ ನೋಡಲಿಲ್ಲ, ಬಣ್ಣ ಕೂಡ ಕೆಡಲಿಲ್ಲ. ಮೇಷ್ಟ್ರು ತಾವಾಗಿಯೇ ಹೋಗಿ ಹೇಳಿದರು. ವಿಮಾನ ಎರಡು ದಿನ ನಿಂತಿತು, ಪ್ರಯಾಣಿಕರು ಕೂಗಾಡಿದರು, ಒಳಗಿನ ಪೆಟ್ಟು ಹುಡುಕುವ ಯಂತ್ರ ಹಿಡಿದು ನೋಡಿದರೆ ಏನೂ ಆಗಿರಲಿಲ್ಲ. ಅಂದಿನಿಂದ ಷೆಡ್ಡಿನಲ್ಲಿ ಅವರ ಹೆಸರು ಟಾರ್ಚ್ ಮಲ್ಲಪ್ಪ ಎಂದಾಯಿತು. ಈ ಕಥೆ ಕೇಳಿದ ಪ್ರತಿ ವರ್ಷದ ವಿದ್ಯಾರ್ಥಿಗಳೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಏನೂ ಆಗಿರಲಿಲ್ಲವಲ್ಲ ಸರ್, ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು?

"ಏನೂ ಆಗಿಲ್ಲ ಅಂತ ಗೊತ್ತಾಗಿದ್ದು ಯಾವಾಗ್ಲೋ? ನೋಡಿದ್ ಮೇಲೆ ಕಣೋ!" ಎಂದು ಮೇಷ್ಟ್ರು ಪ್ರತಿ ವರ್ಷವೂ ಅಷ್ಟೇ ಉತ್ಸಾಹದಿಂದ ಹೇಳುತ್ತಿದ್ದರು.

ಮರುವರ್ಷ ಅವರು ತಂದೆಯ ಕಾಫಿ ತೋಟ ನೋಡಿಕೊಳ್ಳಲು ಊರಿಗೆ ಮರಳಿ ನಮ್ಮ ಪಾಲಿಟೆಕ್ನಿಕ್ ಸೇರಿದರು. ಬರುವಾಗ ಸೇವೆಯಿಂದ ತೆಗೆದ ವಿಮಾನದ ಒಂದು ಹಲಗೆಯನ್ನು ಕೇಳಿ ಪಡೆದು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಕಂಡಕ್ಟರ್ ಕೇಳಿದನಂತೆ, "ಏನ್ ಸಾರ್ ಇದು, ಬಾಗ್ಲಾ?"

"ವಿಮಾನ ಕಣಯ್ಯ."

"ಹಂಗಾದ್ರೆ ಹಾರಿಸ್ಕೊಂಡೇ ಹೋಗಿ ಮಾರಾಯ್ರೆ, ನಮ್ ಬಸ್ ಯಾಕೆ ಬೇಕಿತ್ತು?"

ನಾವು ಪಾಠ ಕಲಿತದ್ದು ಆ ಹಲಗೆಯ ಮೇಲೆ. ತಗಡಿಗೆ ಪೆಟ್ಟು ಬಿದ್ದರೆ ತಗ್ಗಾಗಿ ತಾನೇ ದೂರು ಹೇಳುತ್ತದೆ. ನಾರಿನ ಹಲಗೆ ಹಾಗಲ್ಲ. ಅಂಟಿನಲ್ಲಿ ಅದ್ದಿ ಪದರದ ಮೇಲೆ ಪದರ ಕೂರಿಸಿ ಮಾಡಿದ ಈ ವಸ್ತು ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ; ಆದರೆ ಪೆಟ್ಟು ತಿಂದ ಮೇಲೂ ಅದರ ಮೇಲ್ಮೈ ಮೊದಲಿನಂತೆಯೇ ಕಂಡು, ಒಳಗೆ ಮಾತ್ರ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ತಟ್ಟಿದರೆ ಒಳ್ಳೆಯ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಎನ್ನುತ್ತದೆ. ಹಾಗೆಂದು ಇಡೀ ವಿಮಾನವನ್ನು ದಿನವೂ ತಟ್ಟುತ್ತ ಕೂರಲಾಗದು. ಎಲ್ಲಿ ತಟ್ಟಬೇಕೆಂದು ನಿಖರವಾಗಿ ಬಲ್ಲವನು ಒಬ್ಬನೇ, ಬೀಳಿಸಿದವನು. ಅವನು ಬಾಯಿ ಬಿಡಬೇಕು. ನೋಟ್‌ಬುಕ್ ಇದ್ದದ್ದು ಅದಕ್ಕೆ.

ನಾವು ಅದನ್ನು 'ಬಿದ್ದ ಪುಸ್ತಕ' ಎನ್ನುತ್ತಿದ್ದೆವು. ಏನು ಬಿತ್ತು, ಎಷ್ಟು ಎತ್ತರದಿಂದ, ಎಲ್ಲಿಗೆ, ಯಾರ ಕೈಯಿಂದ ಎಂದು ಬರೆಯಬೇಕು. ಬರೆದವರನ್ನು ಬೈಯುವಂತಿಲ್ಲ. ಬರೆಯದೆ ಸಿಕ್ಕಿಬಿದ್ದವರು ಒಂದು ತಿಂಗಳು ವರ್ಕ್‌ಶಾಪ್ ಗುಡಿಸಬೇಕು. ಮೊದಲ ಪುಟದ ಮೊದಲ ಸಾಲು ಮೇಷ್ಟ್ರದೇ, ಬೆಂಗಳೂರಿನ ಆ ಟಾರ್ಚಿನದು. ಅಭಿಷೇಕ್ ಎಂಬ ನಮ್ಮ ಸಹಪಾಠಿ ಒಮ್ಮೆ ತಮಾಷೆಗೆ "ಗಣಿತದಲ್ಲಿ ಬಿದ್ದೆ" ಎಂದು ಬರೆದ. ಮೇಷ್ಟ್ರು ಕೆಳಗೆ ಕೆಂಪು ಪೆನ್ನಿನಲ್ಲಿ "ಎಷ್ಟು ಎತ್ತರದಿಂದ?" ಎಂದು ಕೇಳಿದ್ದರು.

೨೦೦೩ರ ಸೆಪ್ಟೆಂಬರಿನಲ್ಲಿ ಅವರು ನಮ್ಮ ತರಗತಿಯನ್ನು ಸಕಲೇಶಪುರದ ಕಡೆಯ ಹೆಗ್ಗದ್ದೆಯ ಎಸ್ಟೇಟೊಂದಕ್ಕೆ ಕರೆದೊಯ್ದರು. ಅರೇಬಿಕಾ ಗಿಡಗಳಲ್ಲಿ ಕಾಂಡಕೊರಕ ಹುಳ ಹುಡುಕುವ ಕಾಲ ಅದು. ಹುಡುಕುತ್ತಿದ್ದ ಹೆಂಗಸರಲ್ಲಿ ನನ್ನ ತಾಯಿ ಗಂಗಾಮಣಿಯೂ ಇದ್ದಳು. ನಾನು ಎಸ್ಟೇಟ್ ಕೂಲಿಯವರ ಲೈನ್ ಮನೆಯಿಂದ ಬಂದವಳೆಂದು ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅವರು ನಮ್ಮಿಬ್ಬರ ಸಂಬಂಧ ಹೇಳದೆ, "ಇವತ್ತು ಪಾಠ ಇವರದು" ಎಂದು ಅಮ್ಮನನ್ನು ಮುಂದೆ ನಿಲ್ಲಿಸಿ, ತಾವು ಹುಡುಗರ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ನಿಂತರು.

"ಕಣ್ಣಲ್ಲಿ ನೋಡಿದ್ರೆ ಎಲ್ಲಾ ಗಿಡಾನೂ ಚೆನ್ನಾಗೇ ಐತೆ ಮೇಷ್ಟ್ರೇ. ಕೈ ಹಾಕಿ ಸವರ್ಬೇಕು. ಇಲ್ಲಿ ಉಬ್ಬೈತಲ್ಲ, ಒಳಗೆ ಹುಳ ಸುರಂಗ ತೋಡ್ಬುಟ್ಟೈತೆ" ಎಂದು ಅಮ್ಮ ಗಿಡ ಸೀಳಿ ತೋರಿಸಿದಳು. ಆಮೇಲೆ ಮೇಷ್ಟ್ರ ಕೈ ನೋಡಿ, "ನಿಮ್ ಕೈ ಮೆತ್ತಗಾಗ್ಬುಟ್ಟೈತೆ ಕಣ್ರೀ. ಸೀಮೆಸುಣ್ಣ ಹಿಡ್ದೂ ಹಿಡ್ದೂ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಎಲ್ಲರಿಗೂ ಹೇಳಿದೆ, ಅದು ನನ್ನ ಅಮ್ಮ ಎಂದು.

ಮರುವರ್ಷ ನನ್ನನ್ನು ಆರು ವಾರದ ತರಬೇತಿಗೆ ಬೆಂಗಳೂರಿನ ಇನ್ನೊಂದು ದುರಸ್ತಿ ಷೆಡ್ಡಿಗೆ ಕಳಿಸಿದರು. ತರಬೇತಿಯ ಪತ್ರ ಇಲ್ಲದಿದ್ದರೆ ಡಿಪ್ಲೊಮಾ ಒಂದು ವರ್ಷ ಹಿಂದೆ ಬೀಳುತ್ತದೆ. ವಿಮಾನದ ಮೇಲೆ ಏನನ್ನಾದರೂ ಬೀಳಿಸಿದ ತರಬೇತಿಯವರನ್ನು ಮನೆಗೆ ಕಳಿಸುವುದು ಅಲ್ಲಿಯ ನಿಯಮ. ನಾಲ್ಕನೆಯ ವಾರ ನನ್ನ ಕೈಯಿಂದ ಸ್ಪ್ಯಾನರ್ ಜಾರಿ ರೆಕ್ಕೆಯ ಹಲಗೆಯ ಮೇಲೆ ಬಿತ್ತು. ಊಟದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಓಡಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ಬರೆದ್ಯೇನವ್ವ?"

"ಇಲ್ಲ ಸರ್. ಯಾರೂ ನೋಡಿಲ್ಲ. ಒಂದು ಗೀಚೂ ಬಿದ್ದಿಲ್ಲ."

"ಹಂಗಾದ್ರೆ ನನಗ್ಯಾಕೆ ಹೇಳ್ತೀಯ? ನಾನೇನು ಅದ್ರಾಗೆ ಕೂತ್ಕೊಂಡು ಹೋಗಾಕಿಲ್ಲ."

"ಹೇಳಿದ್ರೆ ಮನೆಗೆ ಕಳಿಸ್ತಾರೆ ಸರ್."

"ಕಳಿಸ್ಲಿ ಬಿಡು. ಸಕಲೇಶಪುರಕ್ಕೆ ಬಸ್ ಐತೆ." ಮತ್ತೆ ಅವರೇ ಕೇಳಿದರು, "ನಿಮ್ಮಮ್ಮ ಉಬ್ಬು ಸಿಕ್ಕಿದ ಗಿಡಾನ ಬುಟ್ಟು ಮುಂದಿನ ಗಿಡಕ್ಕೆ ಹೋಯ್ತಾರಾ?"

ಹೋಗಿ ಹೇಳಿದೆ. ಯಂತ್ರ ತಂದು ನೋಡಿದರು. ಸ್ಪ್ಯಾನರ್ ಬಿದ್ದ ಜಾಗದಲ್ಲಿ ಏನೂ ಆಗಿರಲಿಲ್ಲ. ಆದರೆ ಅಲ್ಲಿಂದ ಒಂದು ಗೇಣು ಆಚೆ, ಅಂಗೈಯಗಲ ಪದರ ಬಿಟ್ಟಿತ್ತು. ಎಂದೋ ಯಾರೋ ಬೀಳಿಸಿ ಬಾಯಿ ಮುಚ್ಚಿಕೊಂಡದ್ದು. ಹಲಗೆ ಬಿಚ್ಚಿದರು. ನಿಯಮ ನಿಯಮವೇ ಆದ್ದರಿಂದ ಮರುದಿನ ನನ್ನನ್ನು ಮನೆಗೆ ಕಳಿಸಿದರು.

ಮುಂದಿನ ವಾರ ಮೇಷ್ಟ್ರು ರಜೆ ಹಾಕಿ, ಬಿದ್ದ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಆ ಷೆಡ್ಡಿನ ಮ್ಯಾನೇಜರನ್ನು ನೋಡಲು ಹೋದರು. ವಾಪಸು ಬಂದಾಗ ಏನಂದರೆಂದು ಕೇಳಿದೆ.

"ಕಾಫಿ ಕೊಟ್ರು. ಪುಡಿ ಚೆನ್ನಾಗಿರ್ಲಿಲ್ಲ."

ಪತ್ರ ಸಿಗಲಿಲ್ಲ, ನನ್ನ ಡಿಪ್ಲೊಮಾ ಒಂದು ವರ್ಷ ತಡವಾಯಿತು. ಮೇಷ್ಟ್ರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಲ್ಯಾಬಿನ ಬೀಗದ ಕೈ ಕೊಟ್ಟು, ಕಿರಿಯರಿಗೆ ನಾಣ್ಯದ ಪಾಠ ಮಾಡಲು ಹಚ್ಚಿದರು. ಹಾಸ್ಟೆಲ್ ವಾರ್ಡನ್ ಹತ್ತಿರ ಜಗಳವಾಡಿ ನನ್ನ ಕೋಣೆಯನ್ನು ಉಳಿಸಿಕೊಟ್ಟರು. ಮರುವರ್ಷ ಬೇರೆಡೆ ತರಬೇತಿ ಮುಗಿಸಿ ಕೆಲಸದ ಸಂದರ್ಶನಕ್ಕೆ ಹೋದಾಗ, ಒಂದು ವರ್ಷ ತಡವೇಕೆ ಎಂದು ಕೇಳಿದರು. ಇದ್ದದ್ದು ಹೇಳಿದೆ. ಮುಂದಿನ ಪ್ರಶ್ನೆ ಕೇಳದೆ ಯಾವಾಗ ಸೇರುತ್ತೀರಿ ಎಂದರು.

ಕಳೆದ ವರ್ಷ ಕೆಲಸದ ಮೇಲೆ, ನನ್ನನ್ನು ಮನೆಗೆ ಕಳಿಸಿದ್ದ ಆ ಷೆಡ್ಡಿಗೇ ಹೋಗಬೇಕಾಯಿತು. ಬಾಗಿಲ ಪಕ್ಕದ ಗೋಡೆಯಲ್ಲಿ ದಾರ ಕಟ್ಟಿದ ನೋಟ್‌ಬುಕ್ ನೇತಾಡುತ್ತಿತ್ತು. ಬೀಳಿಸಿ ಹೇಳಿದವರನ್ನು ಮನೆಗೆ ಕಳಿಸುವ ನಿಯಮ ಈಗಿಲ್ಲವಂತೆ. ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ.

"ಖಾಲಿ ಐತೋ, ಬರ್ದವ್ರೋ?" ಅದೊಂದೇ ಅವರ ಪ್ರಶ್ನೆ.

"ಹನ್ನೆರಡು ಪುಟ ತುಂಬಿದೆ ಸರ್."

"ಹಂಗಾದ್ರೆ ಸರಿ. ಖಾಲಿ ಇದ್ದಿದ್ರೆ ಹೆದರ್ಕೋಬೇಕಾಗಿತ್ತು."

ಇಡೀ ಒಡಲನ್ನೇ ನಾರಿನಿಂದ ಕಟ್ಟಿದ ದೊಡ್ಡ ವಿಮಾನಗಳು ತಯಾರಾಗುತ್ತಿರುವ ಈ ೨೦೦೭ರಲ್ಲಿ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ. ಅವರು ದೀರ್ಘಕಾಲ ಬಾಳಲಿ, ವಾರಕ್ಕೆ ಎರಡು ದಿನವಾದರೂ ಲ್ಯಾಬಿಗೆ ಬರಲಿ ಎಂದು ಹಾರೈಸುವುದು ನನ್ನ ಕೆಲಸ. ಆದರೆ ಅದಕ್ಕೆ ಮುಂಚೆ ಒಂದು ಮಾತು ಇದೆ. ಹೋದ ತಿಂಗಳು ಅವರು ತೋಟದಲ್ಲಿ ಏಣಿಯಿಂದ ಬಿದ್ದರೆಂದೂ, ಇದುವರೆಗೆ ಮನೆಯಾಚೆ ಯಾರಿಗೂ ಹೇಳಿಲ್ಲವೆಂದೂ ಅವರ ಪತ್ನಿ ನಾಗರತ್ನಮ್ಮನವರು ನನಗೆ ತಿಳಿಸಿದ್ದಾರೆ. "ಮೇಲೆ ಒಂದು ಗಾಯಾನೂ ಇಲ್ಲ ಕಣೇ" ಎಂಬುದು ಮೇಷ್ಟ್ರ ವಾದವಂತೆ. ಆದ್ದರಿಂದ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಮಾರಂಭಕ್ಕೆ ಶಾಲಿನ ಜೊತೆ ದಾರ ಕಟ್ಟಿದ ಹೊಸ ನೋಟ್‌ಬುಕ್ಕನ್ನೂ ತರುತ್ತಿದ್ದೇವೆ. ಮೇಷ್ಟ್ರು ದಯವಿಟ್ಟು ಎಷ್ಟು ಎತ್ತರದಿಂದ ಎಂದು ಬರೆದು, ಸಹಿ ಮಾಡಿ, ಹಾಸನಕ್ಕೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬರಲಿ. ಆಮೇಲೆ ನೂರು ವರ್ಷ ಬಾಳಲಿ.