ಅತ್ತಿಗೆ ಕಟ್ಟಿದ ಲೋಕದ ಮಳೆಗಾಳಿ

ದಾಳ ಉರುಳಿಸುವ ಮುಂಚೆ ಅತ್ತಿಗೆ ಗಾಜಿನ ಬಳೆಗಳನ್ನೆಲ್ಲ ಮೊಣಕೈವರೆಗೂ ಏರಿಸಿಕೊಳ್ಳುತ್ತಿದ್ದರು. ಬಳೆ ಬಿಗಿದಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಅದರತ್ತ ಅವರಿಗೆ ಗಮನವೇ ಇರುತ್ತಿರಲಿಲ್ಲ.

ಅವರು ನನ್ನ ಅಣ್ಣನ ಹೆಂಡತಿ. ನಾಗಮಂಗಲದ ಕಡೆಯವರು, ಪಾಂಡವಪುರಕ್ಕೆ ಸೊಸೆಯಾಗಿ ಬಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ನಾವು ಕೆಲವು ಗೆಳೆಯರು ನಮ್ಮ ಮನೆ ಮಹಡಿಯಲ್ಲಿ ಸೇರಿ ಒಂದು ಕಥೆಯಾಟ ಆಡುತ್ತಿದ್ದೆವು. ಒಬ್ಬರು ಮಾಯಾಲೋಕವೊಂದನ್ನು ಕಟ್ಟಿ ಕಥೆ ನಡೆಸಬೇಕು. ಉಳಿದವರು ವೀರನೋ ಮಾಂತ್ರಿಕನೋ ಆಗಿ, ಮುಂದೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಆಗೆಲ್ಲ ಕಥೆ ನಡೆಸುತ್ತಿದ್ದವನು ನಾನು. ಒಮ್ಮೆ ಕಾಫಿ ತಂದ ಅತ್ತಿಗೆ ನನ್ನ ನಕ್ಷೆ ನೋಡಿ ನಕ್ಕುಬಿಟ್ಟರು.

"ಇಷ್ಟು ದಿನದಿಂದ ನಡೀತಾನೇ ಇದ್ದೀರಲ್ಲ, ನಿಮ್ಮ ರಾಜ್ಯದಲ್ಲಿ ಒಂದು ಹನಿ ಮಳೇನೂ ಬರ್ಲಿಲ್ವಾ? ನಿಮ್ಗೆ ನಾಲೇಲಿ ನೀರು ಬರ್ತದೆ ಕಣಪ್ಪಾ, ಆಕಾಶ ನೋಡೋ ಅಭ್ಯಾಸ ಇಲ್ಲ."

ಮುಂದಿನ ವಾರದಿಂದ ಕಥೆ ಅವರದಾಯಿತು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಬೆಟ್ಟದ ಯಾವ ಮಗ್ಗುಲಿಗೆ ಮಳೆ, ಮಳೆಯಿಲ್ಲದ ಮಗ್ಗುಲಿನವರು ಏನು ಉಣ್ಣುತ್ತಾರೆ, ಎಲ್ಲವೂ ಅವರಿಗೆ ಗೊತ್ತಿತ್ತು. ನೆನೆದ ಬಿಲ್ಲಿನ ಹೆದೆಯಿಂದ ಬಾಣ ಹಾರುತ್ತಿರಲಿಲ್ಲ. ಯುದ್ಧ ಸಾರಿದ ರಾಜನಿಗೆ, "ಕೊಯ್ಲು ಮುಗೀದೆ ಯಾವ ಸೈನಿಕ ಬತ್ತಾನೆ?" ಎಂದು ಕೇಳುತ್ತಿದ್ದರು.

ಮಾಕವಳ್ಳಿಯ ಗೆಳೆಯನೊಬ್ಬನಿಗೆ ಆ ಲೋಕದಲ್ಲಿ ಒಬ್ಬ ಕತ್ತಿವೀರನಿದ್ದ. ಎರಡು ವರ್ಷ ಸಾಕಿ ಬೆಳೆಸಿದ ವೀರ. ಒಂದು ಭಾನುವಾರ ಕಣಿವೆಯ ರಾಕ್ಷಸನನ್ನು ಅವನೇ ಕೊಂದ. ನಿಧಿ ಹೊರಲು ಜಾಗ ಬೇಕೆಂದು ಕಂಬಳಿ ಬಿಸಾಡಿ ಹೊರಟ. ಅತ್ತಿಗೆ ಅಂದಿನ ಹವೆಗೆ ದಾಳ ಹಾಕಿದರು: ಬಿರುಗಾಳಿ, ಆಲಿಕಲ್ಲು.

"ಗುಹೆ ಹುಡುಕ್ತೀನಿ," ಎಂದ ಗೆಳೆಯ. ದಾಳ ಒಲಿಯಲಿಲ್ಲ.

"ಬೆಂಕಿ ಹಚ್ತೀನಿ."

"ಸೌದೆ ಒದ್ದೆ," ಎಂದರು ಅತ್ತಿಗೆ. ಮತ್ತೆ ಮೆಲ್ಲಗೆ, "ಬೆಳಗಾದಾಗ ಅವನು ಏಳ್ಲಿಲ್ಲ."

ಗೆಳೆಯನ ಮುಖ ಬಿಳಿಚಿಕೊಂಡಿತ್ತು. "ರಾಕ್ಷಸನ್ನೇ ಕೊಂದೋನು ಚಳೀಗೆ ಸಾಯ್ತಾನಾ ಅಕ್ಕಾ? ಇನ್ನೊಂದ್ಸಲ ಹಾಕ್ಬುಡಿ."

"ಗಾಳಿಗೆ ನೀನ್ಯಾರು ಅಂತ ಗೊತ್ತಿಲ್ಲ ಕಣಪ್ಪಾ."

ಅವನು ಕಾಫಿ ಮುಟ್ಟದೆ ಎದ್ದುಹೋದ. ಮುಂದಿನ ವಾರ ಹೊಸ ವೀರನೊಂದಿಗೆ ಬಂದ. ಆ ವೀರನ ಹೆಗಲ ಮೇಲೆ ಎರಡು ಕಂಬಳಿ.

ಹೋದ ಬೇಸಿಗೆಯ ಒಂದು ಸಂಜೆ ಅತ್ತಿಗೆ ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮುಂಗಾರಿಗೆ ಮುಂಚಿನ ಗಾಳಿಮಳೆ. ನಿಮ್ಮ ಅತ್ತಿಗೆ ಹೋಗಿಬಿಟ್ಟರು ಎಂದು ಫೋನಿನಲ್ಲಿ ಯಾರೋ ಹೇಳಿದಾಗ "ಯಾವ ಅತ್ತಿಗೆ?" ಎಂದು ಕೇಳಿದೆ. ನನಗೆ ಇದ್ದವರು ಒಬ್ಬರೇ.

ರಸ್ತೆ ಬದಿಯ ಮರದ ಕೊಂಬೆ ಮುರಿದು ಮೈಮೇಲೆ ಬಿದ್ದಿತ್ತು. ಸಾವಿನಷ್ಟೇ ನಮ್ಮನ್ನು ನಡುಗಿಸಿದ್ದು ಅವರು ಮರದಡಿ ಇದ್ದರೆಂಬುದು. ಅಣ್ಣ ಅತ್ತಿರಲಿಲ್ಲ. ಗೋಡೆ ನೋಡುತ್ತಾ ಒಂದೇ ಮಾತು ಹೇಳುತ್ತಿದ್ದ: "ಗಾಳೀಲಿ ಮರದ ಕೆಳಗೆ ನಿಲ್ಲೋಳಲ್ಲ ಕಣ್ಲಾ ಅವ್ಳು."

ಕೆಲವು ದಿನಗಳ ಮೇಲೆ ಒಬ್ಬ ಅಜ್ಜಿ ಮನೆ ಹುಡುಕಿಕೊಂಡು ಬಂದರು. ಒಳಗೆ ಕರೆದರೂ ಬಾರದೆ ಜಗಲಿಯ ಕಂಬ ಹಿಡಿದು ನಿಂತರು.

"ಉಲ್ಲಿನ ಹೊರೆ ಇಳುಕಿ ಮರದಡಿ ನಿಂತಿದ್ದೆ ಕಣಪ್ಪಾ. ಆ ಅವ್ವ ಸ್ಕೂಟ್ರು ದೂರ ಬಯಲಲ್ಲಿ ನಿಲ್ಸಿ, ಕೈ ಬೀಸಿ ಏನೋ ಕೂಗ್ತಿತ್ತು. ಗಾಳೀಲಿ ನಂಗೆ ಕೇಳ್ನಿಲ್ಲ. ಓಡ್ಬಂದು ನನ್ನ ಈಚ್ಗೆ ತಳ್ಬುಡ್ತು. ಎದ್ದು ತಿರುಗಿ ನೋಡ್ತೀನಿ, ಕೊಂಬೆ ಬಿದ್ಬುಟ್ಟಿತ್ತು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಅವ್ವನ ಎಸ್ರೇನಪ್ಪ?" ಎಂದು ಕೇಳಿದರು. ನಾನು ಹೇಳಿದೆ. ಅಜ್ಜಿ ಅದನ್ನು ತಮ್ಮ ಬಾಯಲ್ಲಿ ಹೇಳಿ ನೋಡಿದರು, ತಪ್ಪಾಯಿತು. ಒಳಗಿನಿಂದ ಅಣ್ಣ ಬಂದು ಬಾಗಿಲಲ್ಲಿ ನಿಂತು, ಬಿಡಿಸಿ ಬಿಡಿಸಿ ಹೇಳಿಕೊಟ್ಟ. ಅತ್ತಿಗೆ ಹೋದಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.