ಅಚ್ಚಾಗದ ಒಂಬತ್ತು ಸಾಲು

ಕಳೆದ ವಾರ ಹೆಂಡತಿಯ ಮೊಣಕಾಲಿಗೆಂದು ಕುವೈತಿನ ಫರ್ವಾನಿಯಾದ ಔಷಧಿ ಅಂಗಡಿಯಿಂದ ನೋವಿನ ಮುಲಾಮು ತಂದೆ. ಮನೆಯಲ್ಲಿ ಮುಚ್ಚಳ ತೆರೆದಾಗ ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಆ ಘಾಟು ವಾಸನೆಗೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಕೋಚ್" ಎಂದಳು ಅವಳು. ನಾನೂ ಅದನ್ನೇ ಹೇಳುವವನಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮೈದಾನ್ ಹವಲ್ಲಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದೆವು. ನಾಲ್ಕನೆಯದರಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲಿನ ಮನೆಯಲ್ಲಿ, ಅವರು ಒಬ್ಬರೇ ಇದ್ದರು. ಅಮೆರಿಕದವರು, ಹತ್ತಿರದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕರು. ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ಕಾಣದಷ್ಟು ಅಗಲ. ಕಟ್ಟಡ ಕಾಯುತ್ತಿದ್ದ ಈಜಿಪ್ಟಿನ ಹಾರಿಸ್ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದ, ಉಳಿದವರಿಗೆಲ್ಲ ಅವರು ಕೋಚ್. ಕುತ್ತಿಗೆಗೂ ಭುಜಕ್ಕೂ ಬೆಳಿಗ್ಗೆ ಸಂಜೆ ಮುಲಾಮು ಹಚ್ಚುತ್ತಿದ್ದರು. ಲಿಫ್ಟಿನಲ್ಲಿ ಆ ವಾಸನೆ ಇದ್ದರೆ ಅವರು ಈಗಷ್ಟೇ ಹೋದರೆಂದು ತಿಳಿಯುತ್ತಿತ್ತು.

ಅವರು ಹಿಂದೆ ತಮ್ಮ ದೇಶದ ವೃತ್ತಿಪರ ಫುಟ್‌ಬಾಲ್ ಆಡಿದವರು. ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಕವಚ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿಯುವ ಹಾಗೆ ಚೆಂಡು ಹೊತ್ತವನನ್ನು ಕೆಡವಬೇಕು, ಆದರೆ ಇಲ್ಲಿ ಇಬ್ಬರೂ ಪೂರಾ ಓಟದಲ್ಲಿರುತ್ತಾರೆ. ತಮ್ಮವರು ಚೆಂಡು ಒದ್ದ ಕೂಡಲೇ ಮೈದಾನದ ಉದ್ದಕ್ಕೂ ಓಡಿ, ಎದುರಿನಿಂದ ಬರುವವನಿಗೆ ಡಿಕ್ಕಿ ಹೊಡೆಯುವುದು ಇವರ ಕೆಲಸ. ನಾಲ್ಕು ವರ್ಷ ಅದನ್ನು ಮಾಡಿದ್ದರು. ನಾನು ಟಿವಿಯಲ್ಲಿ ಕ್ರಿಕೆಟ್ ಹಾಕಿದ್ದರೆ ಹತ್ತು ನಿಮಿಷ ಕೂರುತ್ತಿದ್ದರು. "ನಿಮ್ಮಲ್ಲಿ ಊಟಕ್ಕೆ ಆಟ ನಿಲ್ಲಿಸ್ತಾರೆ, ನಮ್ಮಲ್ಲಿ ಆಂಬುಲೆನ್ಸಿಗೆ ಮಾತ್ರ" ಎಂದು ಎದ್ದು ಹೋಗುತ್ತಿದ್ದರು.

ನಾನು ಶುವೈಖ್‌ನ ಒಂದು ಇಂಗ್ಲಿಷ್ ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಉಪಸಂಪಾದಕನಾಗಿದ್ದೆ. ಅಮೆರಿಕದ ಭಾನುವಾರದ ಪಂದ್ಯಗಳ ವರದಿ ಸೋಮವಾರ ಸುದ್ದಿಸಂಸ್ಥೆಯಿಂದ ಬರುತ್ತಿತ್ತು. ನಮ್ಮಲ್ಲಿ ಅದಕ್ಕೆ ಇದ್ದದ್ದು ನಾಲ್ಕಿಂಚು ಜಾಗ. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿಂದ ಕತ್ತರಿ... ಪತ್ರಿಕೆಯಲ್ಲಿ ಕೆಲಸ ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವುದು ಇದನ್ನೇ. ಯಾರು ಗೆದ್ದರು ಎನ್ನುವುದು ಉಳಿಯುತ್ತಿತ್ತು. ಯಾರ ತಲೆಗೆ ಪೆಟ್ಟು ಬಿತ್ತು, ಹೊರಗೆ ಹೋದವರಲ್ಲಿ ಯಾರು ಮತ್ತೆ ಆಟಕ್ಕೆ ಮರಳಲಿಲ್ಲ ಎನ್ನುವುದು ಯಾವಾಗಲೂ ಕೊನೆಯ ಪ್ಯಾರಾದಲ್ಲಿರುತ್ತಿತ್ತು, ಕತ್ತರಿಗೆ ಹೋಗುತ್ತಿತ್ತು. ಇದನ್ನು ನನಗಿಂತ ಮೊದಲು ಗಮನಿಸಿದವರು ಕೋಚ್. ಕತ್ತರಿಸದ ಪ್ರತಿ ತಂದುಕೊಡುತ್ತೀರಾ ಎಂದು ಕೇಳಿದರು. ಅಂದಿನಿಂದ ಪ್ರತಿ ವಾರ ಸುದ್ದಿಸಂಸ್ಥೆಯ ಹಾಳೆಗಳನ್ನು ಮನೆಗೆ ತರತೊಡಗಿದೆ. ಸಣ್ಣ ಅಕ್ಷರ ನೋಡಿದರೆ ತಲೆ ಸಿಡಿಯುತ್ತದೆಂದು ನನ್ನಿಂದಲೇ ಓದಿಸುತ್ತಿದ್ದರು. ಕೊನೆಯ ಪ್ಯಾರಾ ಮೊದಲು. ಕೆಲವು ವಾರ ಅಷ್ಟು ಕೇಳಿಯೇ ಸಾಕೆನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಅವರು ನಮ್ಮ ಬಾಗಿಲಿಗೆ ತಮ್ಮ ಮನೆಯ ಕೀ ಹಾಕಿ ತಿರುಗಿಸುವುದು ಶುರುವಾಯಿತು. ಹೆಂಡತಿ ಹೋಗಿ ತೆರೆದರೆ ಅವಳನ್ನು ಕಂಡು ಬೆಚ್ಚುತ್ತಿದ್ದರು. ಮರುಕ್ಷಣ ಸಾವರಿಸಿಕೊಂಡು, ನೀರುದೋಸೆ ಇದೆಯೇ ಕೇಳೋಣವೆಂದು ಬಂದೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಹೆಂಡತಿ ನರ್ಸ್, ತಲೆಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮೊದಲು ನಗು ನಿಲ್ಲಿಸಿದವಳು ಅವಳೇ.

"ಇದು ನಾಲ್ಕನೇ ಸಲ ಮಾರಾಯ್ರೆ. ಒಮ್ಮೆ ತಲೆ ತೋರಿಸ್ಲಿಕ್ಕೆ ನೀವೇ ಹೇಳಿ ಅವರಿಗೆ. ನಾನು ಹೇಳಿದ್ರೆ ದೋಸೆ ಉಂಟಾ ಕೇಳ್ತಾರೆ."

ಹೇಳಿದೆ. ಅವರು ಒಪ್ಪಲಿಲ್ಲ. ಆಸ್ಪತ್ರೆಯ ಕಾಗದ ಶಾಲೆಗೆ ತಲುಪಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ದೇಶದಲ್ಲಿರಲು ಬೇಕಾದ ಇಕಾಮಾ ಹೋಗುತ್ತದೆ. ಆ ಲೆಕ್ಕಾಚಾರ ನಮಗ್ಯಾರಿಗೂ ಹೊಸದಲ್ಲವಾದ್ದರಿಂದ ನಾನು ಒತ್ತಾಯಿಸಲಿಲ್ಲ.

ಅವರ ಚಿಂತೆ ಬೇರೆಯೇ ಇತ್ತು. ಅಮೆರಿಕದಲ್ಲಿ ತಾಯಿಯ ಜೊತೆಗಿದ್ದ ಹದಿನೇಳು ವರ್ಷದ ಮಗ ಅದೇ ಆಟವನ್ನು, ತಂದೆಯ ಜಾಗದಲ್ಲೇ ಆಡುತ್ತಿದ್ದ. ಆ ವರ್ಷ ಒಮ್ಮೆ ಡಿಕ್ಕಿಯಲ್ಲಿ ಬಿದ್ದವನಿಗೆ ಯಾರು ಮನೆಗೆ ಕರೆತಂದರೆಂಬುದೂ ನೆನಪಿರಲಿಲ್ಲವಂತೆ. ಮುಂದಿನ ವಾರ ಮತ್ತೆ ಮೈದಾನದಲ್ಲಿದ್ದ. ಕೋಚ್ ಪ್ರತಿ ಶುಕ್ರವಾರ ಫೋನ್ ಕಾರ್ಡ್ ಉಜ್ಜಿ ಅವನಿಗೆ ಬುದ್ಧಿ ಹೇಳುತ್ತಿದ್ದರು. "ನೀವು ಆಡಲಿಲ್ಲವಾ ಅಪ್ಪ?" ಎಂಬ ಒಂದೇ ಮಾತಿನಲ್ಲಿ ಅವನು ಮುಗಿಸುತ್ತಿದ್ದ. ತಂದೆಯ ಬಗ್ಗೆ ಹಿಂದೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಅವನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದನಂತೆ.

ಅಲ್ಲಿನ ಋತುವಿನ ಕೊನೆಯ ಪಂದ್ಯಕ್ಕೆ ಮುಂಚೆ ನಮ್ಮ ಸಂಪಾದಕರು ಕುವೈತಿಗೆ ಸಂಬಂಧಿಸಿದ ಒಂದು ಲೇಖನ ಬೇಕೆಂದರು. ನಾನು ಕೋಚ್ ಹೆಸರು ಹೇಳಿದೆ. ಅದುವರೆಗೆ ಸಂದರ್ಶನಕ್ಕೆ ಒಲ್ಲೆನೆನ್ನುತ್ತಿದ್ದವರು ಈ ಸಲ ಒಪ್ಪಿದರು.

ಎರಡು ಗಂಟೆ ಮಾತಾಡಿದರು. ಕಾಲೇಜಿನಲ್ಲಿ ಒಳ್ಳೆಯ ಡಿಕ್ಕಿಗೊಂದರಂತೆ ಹೆಲ್ಮೆಟ್ಟಿಗೆ ನಕ್ಷತ್ರ ಅಂಟಿಸುತ್ತಿದ್ದುದು, ಐವತ್ತು ಸಾವಿರ ಜನ ಒಟ್ಟಿಗೆ ಎದ್ದು ನಿಲ್ಲುವ ಸದ್ದು... ಬಿದ್ದು ಎದ್ದವನ ಮುಂದೆ ತಂಡದ ಸಹಾಯಕ ಬೆರಳು ಹಿಡಿದು ಎಷ್ಟು ಎಂದು ಕೇಳುತ್ತಿದ್ದನಂತೆ. ಯಾವಾಗಲೂ ಎರಡೇ ಬೆರಳು. ಹೊಸಬರಿಗೆ ಹಳಬರು ಮೊದಲ ದಿನವೇ ಅದನ್ನು ಹೇಳಿಕೊಡುತ್ತಿದ್ದರು. ಎದುರಿಗೆ ನಿಂತವನ ಮುಖ ಕಾಣದಿದ್ದರೂ ಎರಡು ಎಂದು ಹೇಳಿ ಮತ್ತೆ ಆಟಕ್ಕೆ ಓಡಬೇಕು. ಆಮೇಲೆ ತಲೆನೋವಿನ ವಿಷಯಕ್ಕೆ, ನಮ್ಮ ಬಾಗಿಲಿನ ವಿಷಯಕ್ಕೆ ಬಂದರು. ಬರೆದುಕೊಳ್ಳಿ ಎಂದರು. ಶಾಲೆಯವರು ಓದಿದರೆ ಎಂದು ಕೇಳಿದೆ.

"ಓದಲಿ. ನನ್ನ ಮಾತು ಅವನು ಕೇಳಲ್ಲ. ಪೇಪರಿನಲ್ಲಿ ಬಂದದ್ದನ್ನು ಕೇಳ್ತಾನೆ. ಇದೊಂದು ಅಚ್ಚಾಗಬೇಕು."

ಆಗುತ್ತದೆ ಎಂದೆ.

ಬರೆಯಲು ಕುಳಿತಾಗ ನನ್ನ ಅಭ್ಯಾಸವೇ ಬರೆಯಿತು. ತಲೆನೋವಿಗೆ ವೈದ್ಯರ ಆಧಾರವಿಲ್ಲ, ಹೇಳಿದವರು ಒಬ್ಬರೇ. ಹಾಗಾಗಿ ಅದು ಕೊನೆಗೆ. ಮೇಲೆ ನಕ್ಷತ್ರ, ಜನ, ಸದ್ದು. ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಪುಟ ಕಟ್ಟುವ ಬಂಟ್ವಾಳದ ಹುಡುಗ ನನ್ನ ಮೇಜಿಗೆ ಬಂದ.

"ಸರ್, ಟೈರಿನವರ ಜಾಹೀರಾತು ಬಂತು. ನಿಮ್ಮದು ಒಂಬತ್ತು ಸಾಲು ಜಾಸ್ತಿ ಉಂಟು. ಎಂತ ಮಾಡುದು?"

ನಾನು ಫೋನಿನಲ್ಲಿದ್ದೆ. ರಿಸೀವರಿಗೆ ಕೈ ಅಡ್ಡ ಹಿಡಿದು, "ಕೆಳಗಿಂದ ತೆಗಿ" ಎಂದೆ. ದಿನಕ್ಕೆ ಹತ್ತು ಸಲ ಹೇಳುವ ಮಾತು.

ಬೆಳಿಗ್ಗೆ ಪುಟ ನೋಡಿದಾಗ ಗೊತ್ತಾಯಿತು. ಕೋಚ್ ಅಷ್ಟರಲ್ಲಿ ಕೆಳಗಿನ ಬಕಾಲಾ ಅಂಗಡಿಯಿಂದ ನಾಲ್ಕು ಪ್ರತಿ ಕೊಂಡು, ತಲೆಬರಹ ಮತ್ತು ತಮ್ಮ ಹಳೆಯ ಫೋಟೊ ನೋಡಿ, ಒಂದನ್ನು ಮಗನಿಗೆ ಅಂಚೆಗೆ ಹಾಕಿಯೂ ಆಗಿತ್ತು. ಹಾರಿಸ್ ಅದನ್ನು ನನಗೆ ಸಂತೋಷದಿಂದ ಹೇಳಿದ. ನಾನು ಆಫೀಸಿಗೆ ಹೋಗಿ ಸಂಪಾದಕರ ಹತ್ತಿರ, ಬಿಟ್ಟುಹೋದ ಭಾಗವನ್ನು ನಾಳೆ ಹಾಕೋಣವೇ ಎಂದು ಕೇಳಿದೆ. ತಪ್ಪು ಅಚ್ಚಾಗಿದ್ದರೆ ತಿದ್ದುಪಡಿ ಹಾಕಬಹುದು, ಅಚ್ಚಾಗದೇ ಇದ್ದದ್ದಕ್ಕೆ ಎಲ್ಲಿಂದ ತಿದ್ದುಪಡಿ ಎಂದರು ಅವರು. ಅಂದು ನನಗೂ ಅದು ಸರಿಯೆನಿಸಿತು. ಸಂಜೆ ನಾಲ್ಕನೇ ಮಹಡಿಗೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ನಾಳೆ ಎಂದುಕೊಂಡೆ. ಹಾಗೆ ಮೂರು ವಾರ ಕಳೆಯಿತು.

ನಾಲ್ಕನೇ ವಾರದ ಶುಕ್ರವಾರ ಮಧ್ಯಾಹ್ನ ಅವರು ಪತ್ರಿಕೆ ಹಿಡಿದು ಬಂದರು. ಅಂದು ಬಾಗಿಲಿಗೆ ಕೀ ಹಾಕಲಿಲ್ಲ, ಬೆಲ್ ಒತ್ತಿದರು. ಮಗ ಫೋನ್ ಮಾಡಿದ್ದನಂತೆ, ಬಹಳ ಖುಷಿಯಲ್ಲಿದ್ದನಂತೆ. ಲೇಖನವನ್ನು ತಂಡದ ಕೋಣೆಯಲ್ಲಿ ತನ್ನ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾನೆ, ಎಲ್ಲರೂ ಅಭ್ಯಾಸಕ್ಕೆ ಮುಂಚೆ ಅದನ್ನು ಮುಟ್ಟಿ ಹೋಗುತ್ತಾರೆ. ಇಷ್ಟು ಹೇಳಿ ಕೋಚ್ ಪತ್ರಿಕೆಯನ್ನು ನನ್ನ ಮುಂದಿಟ್ಟರು. ಓದಿ ಎಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ನಾನು ಮೊದಲಿನಿಂದ ಓದಿದೆ. ಹವಲ್ಲಿಯ ಮಕ್ಕಳಿಗೆ ಓಡಲು ಕಲಿಸುತ್ತಿದ್ದಾರೆ ಎಂಬ ವಾಕ್ಯಕ್ಕೆ ಲೇಖನ ಮುಗಿದಿತ್ತು.

"ಮುಂದೆ?"

"ಇಷ್ಟೇ."

ಅವರು ಪುಟವನ್ನು ತಮ್ಮತ್ತ ಎಳೆದುಕೊಂಡರು. ಎಷ್ಟು ಸಾಲು ಹೋಯಿತು ಎಂದು ಕೇಳಿದರು. ಒಂಬತ್ತು ಎಂದೆ. ಯಾರು ಕತ್ತರಿಸಿದ್ದೆಂದು ಕೇಳಲಿಲ್ಲ, ನಾನೇ ಹೇಳಿದೆ. ಯಾವತ್ತಿನಿಂದ ಗೊತ್ತು ಎಂದರು. ಅದನ್ನೂ ಹೇಳಿದೆ. ಅವರ ಬೆರಳು ಕೆಳಗಿದ್ದ ಜಾಹೀರಾತಿನ ಮೇಲೆ ನಿಂತಿತು.

"ಟೈರಾದರೂ ಒಳ್ಳೆಯದಾ?"

ಹೆಂಡತಿ ಚಹಾ ತಂದಿಟ್ಟಳು, ಅವರು ಕುಡಿದರು, ಅವಳಿಗೆ ಥ್ಯಾಂಕ್ಸ್ ಹೇಳಿ ಎದ್ದರು. ಬಾಗಿಲ ಬಳಿ ನಿಂತು, ತಪ್ಪು ತನ್ನದೂ ಇದೆ, ಎಲ್ಲಿ ಕತ್ತರಿಸುತ್ತಾರೆಂದು ಗೊತ್ತಿದ್ದವನು ಅದನ್ನು ಮೊದಲು ಬರೆಯಿರಿ ಎನ್ನಬೇಕಿತ್ತು ಎಂದರು.

ಆ ಒಂಬತ್ತು ಸಾಲನ್ನು ಟೈಪ್ ಮಾಡಿ ಅವರಿಗೆ ಕೊಡುವೆನೆಂದೆ. ಬೇಡವೆಂದರು, ಕಾಗದದಲ್ಲಿ ಹೋದರೆ ಅದು ಮತ್ತೆ ಅಪ್ಪನ ಮಾತೇ ಆಗುತ್ತದೆ. ಶಾಲಾ ವರ್ಷ ಮುಗಿಯುತ್ತಲೇ ಕೆಲಸ ಬಿಟ್ಟರು. ಯಾರೂ ತೆಗೆಯಲಿಲ್ಲ, ತಾವೇ ಬಿಟ್ಟರು. ಮಗ ಆಡುವ ಮೈದಾನದ ಪಕ್ಕ ಹೋಗಿ ಕೂರುತ್ತೇನೆ, ಅವನು ಬಿದ್ದರೆ ಬೆರಳು ಹಿಡಿಯುವವನು ನಾನಾಗಿರುತ್ತೇನೆ ಎಂದರು. ಎರಡಲ್ಲ, ಮೂರು ಹಿಡಿಯುತ್ತಾರಂತೆ. ಮೊದಲ ಡಿಸೆಂಬರಿನಲ್ಲಿ ಅವರಿಂದ ಕ್ರಿಸ್‌ಮಸ್ ಕಾರ್ಡ್ ಬಂತು. ಎರಡನೆಯ ವರ್ಷವೂ ಬಂತು. ಒಕ್ಕಣೆ ಮೊದಲಿನದೇ, ಒಂದಕ್ಷರ ಬದಲಿರಲಿಲ್ಲ. ಆಮೇಲೆ ಬರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಇಮೇಲ್ ಬಂತು. ಬರೆದವನು ಮಗ. ತಂದೆ ಹೋದರು, ಕೊನೆಯ ಕೆಲವು ವರ್ಷ ತನ್ನನ್ನೂ ಗುರುತಿಸುತ್ತಿರಲಿಲ್ಲ ಎಂದು ಬರೆದಿದ್ದ. ತಂದೆ ಬಂದು ಕೂತ ಮೇಲೂ ತಾನು ಮೂರು ವರ್ಷ ಆಡಿದ್ದಾಗಿ, ಒಂದು ದಿನ ಮರಳುವ ಬಸ್ಸಿನಲ್ಲಿ ಗೆದ್ದೆವೋ ಸೋತೆವೋ ಎಂದು ಪಕ್ಕದವನನ್ನು ಕೇಳಬೇಕಾಗಿ ಬಂದಾಗ ಬಿಟ್ಟದ್ದಾಗಿ ತಿಳಿಸಿದ್ದ. ಆ ಲೇಖನದಲ್ಲಿ ಇನ್ನೂ ಒಂಬತ್ತು ಸಾಲು ಇತ್ತೆಂದು ತಂದೆ ಹೇಳುತ್ತಿದ್ದರು, ಅದು ನಿಮ್ಮಲ್ಲಿದೆಯೇ ಎಂದು ಕೇಳಿದ್ದ.

ನನ್ನಲ್ಲಿರಲಿಲ್ಲ. ಆಫೀಸಿನ ಆ ಕಂಪ್ಯೂಟರುಗಳನ್ನು ತೆಗೆದು ಎಷ್ಟೋ ವರ್ಷವಾಗಿತ್ತು. ನೆನಪಿನಿಂದ ಬರೆಯಲು ಕೂತೆ. ಈ ಆಟಗಾರ ಈಗ ತನ್ನ ಮನೆ ಯಾವ ಮಹಡಿಯಲ್ಲಿದೆ ಎಂದು ಮರೆಯುತ್ತಾರೆ. ಎಷ್ಟು ಸಲ ಪ್ರಜ್ಞೆ ತಪ್ಪಿತ್ತೆಂದು ಅವರಿಗೆ ಗೊತ್ತಿಲ್ಲ. ಎರಡು ಬೆರಳು ಎಂದದ್ದು ಎಷ್ಟೋ ಸಲ ಸುಳ್ಳು ಎನ್ನುತ್ತಾರೆ. ತಮ್ಮ ಮಗ ಇದನ್ನು ಓದಬೇಕೆಂದು ಅವರ ಆಸೆ... ಐದು ಸಾಲಾಯಿತು. ಹೆಂಡತಿಯನ್ನೂ ಕೇಳಿದೆ, ಅವಳಿಗೂ ನೆನಪಿರಲಿಲ್ಲ. ಆ ಐದರ ಕೆಳಗೆ, ಉಳಿದ ನಾಲ್ಕು ಸಾಲು ಏನಿತ್ತೆಂದು ನನಗೆ ನೆನಪಿಲ್ಲ ಎಂದೇ ಬರೆದು ಕಳಿಸಿದೆ.